ಬೀಳಗಿಯ ದನಿ, ಬೆಳ್ಳಿತೆರೆ ಮತ್ತು ನಮ್ಮ ಕಣ್ಣು



ಸ್ವರ್ಗಾರೋಹಣದ ಹಬ್ಬದಂದು ನಾವು ಕೇಳುವ ಮೊದಲ ವಾಚನದಲ್ಲಿ ಶಿಷ್ಯರು ಆಕಾಶದತ್ತ ದಿಟ್ಟಿಸಿ ನಿಂತಿದ್ದಾರೆ. ಬಿಳಿಯ ಉಡುಪಿನ ಇಬ್ಬರು ಬಂದು, ಹೀಗೆ ನೋಡುತ್ತಾ ನಿಂತಿರುವುದೇಕೆಂದು ಅವರನ್ನು ಎಚ್ಚರಿಸುತ್ತಾರೆ. ಶಿಷ್ಯರು ಆ ನೋಟದಿಂದ ಕಣ್ಣು ಕಿತ್ತು ಯೆರೂಸಲೇಮಿಗೆ, ಅಂದರೆ ಪ್ರಾರ್ಥನೆಗೂ ಜನರ ನಡುವಿನ ಸೇವೆಗೂ ಮರಳುತ್ತಾರೆ. ಈ ಹಬ್ಬವನ್ನು ಭಾನುವಾರ ಆಚರಿಸುವ ಕಡೆಗಳಲ್ಲಿ ಅದೇ ದಿನ ವಿಶ್ವ ಸಂಪರ್ಕ ಮಾಧ್ಯಮ ದಿನವೂ ಬರುತ್ತದೆ. ನೋಡುವುದು ಹೇಗೆ, ನೋಡಿದ ಮೇಲೆ ಹೋಗಬೇಕಾದುದು ಎಲ್ಲಿಗೆ ಎಂಬ ಪ್ರಶ್ನೆಯನ್ನು ಸಿನಿಮಾದ ವಿಷಯದಲ್ಲಿ ಕೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಆ ಪ್ರಶ್ನೆಗೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲೇ ಒಂದು ಚರಿತ್ರೆ ಇದೆ. ಅದನ್ನು ಅರಿತವರು ನಮ್ಮಲ್ಲಿ ಕಡಿಮೆ.

ಕ್ರಿಸ್ತನ ಚಿತ್ರದಿಂದ ಹುಟ್ಟಿದ ಬಯಕೆ

1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಚಲನಚಿತ್ರ ತೋರಿಸಿದರು. ಏಳು ತಿಂಗಳೊಳಗೆ, 1896ರ ಜುಲೈ 7ರಂದು, ಅದು ಮುಂಬಯಿಗೆ ಬಂತು. ಸಿನಿಮಾ ಹುಟ್ಟಿದ ಎರಡು ಮೂರು ವರ್ಷಗಳಲ್ಲೇ ಪ್ರಭುವಿನ ಯಾತನೆಯ ಕಥೆ ಪರದೆಯ ಮೇಲೆ ಮೂಡಿತು. 1910ರ ಸುಮಾರಿಗೆ ಮುಂಬಯಿಯ ಒಂದು ಚಿತ್ರಮಂದಿರದಲ್ಲಿ ಯೇಸುಸ್ವಾಮಿಯ ಜೀವನದ ಮೂಕಿಚಿತ್ರವನ್ನು ದಾದಾಸಾಹೇಬ ಫಾಲ್ಕೆಯವರು ನೋಡಿದರು. ನಮ್ಮ ದೇಶದ ಪುರಾಣಗಳನ್ನೂ ಹೀಗೆ ತೋರಿಸಬಾರದೇಕೆ ಎಂಬ ಆಸೆ ಅಲ್ಲೇ ಅವರಲ್ಲಿ ಮೊಳೆಯಿತು. 1913ರಲ್ಲಿ ಅವರ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಭಾರತದ ಕಥಾಚಿತ್ರದ ತೊಟ್ಟಿಲ ಬಳಿ ಶುಭಸಂದೇಶದ ಕಥೆಯೊಂದು ಇತ್ತು ಎಂಬುದು ನಾವು ನೆನಪಿಡಬೇಕಾದ ಸಂಗತಿ.

ಆ ಚಿತ್ರದಲ್ಲಿ ರಾಣಿ ತಾರಾಮತಿಯ ಪಾತ್ರ ಮಾಡಲು ಒಬ್ಬ ಹೆಂಗಸೂ ಮುಂದೆ ಬರಲಿಲ್ಲ. ಕೊನೆಗೆ ಉಪಾಹಾರಗೃಹದಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬ ತರುಣ ಸೀರೆ ಉಟ್ಟ. ಚಿತ್ರದಲ್ಲಿ ಕಾಣಿಸಿಕೊಂಡ ಹೆಣ್ಣಿಗೆ ಸಮಾಜದಲ್ಲಿ ಮಾನವಿಲ್ಲ ಎಂಬ ಅಂಜಿಕೆ ಅಷ್ಟು ಬಲವಾಗಿತ್ತು. ನೋಡುವವರಿಗೆ ಇಲ್ಲದ ಕಳಂಕ ನೋಡಿಸಿಕೊಳ್ಳುವವಳಿಗೆ ಅಂಟುತ್ತಿತ್ತು.

ಕೃಷ್ಣೆ-ಘಟಪ್ರಭೆಯ ಸೀಮೆಯಿಂದ ಮುಂಬಯಿಗೆ

ಆಗ ನಮ್ಮ ಈ ನಾಡು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ಬ್ರಿಟಿಷರ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ಆಡಳಿತ ಬೇರೆಯಾದರೂ ಹಾಡು ಒಂದೇ. ಶ್ರೀಕೃಷ್ಣ ಪಾರಿಜಾತದ ಆಟ, ಭಜನೆ, ಮೊಹರಂ ಪದ, ಕಂಪನಿ ನಾಟಕ ಊರೂರು ತಿರುಗುತ್ತಿದ್ದವು. ಕೊಲ್ಹಾಪುರ, ಸಾಂಗಲಿ ನಮಗೆ ಬೆಂಗಳೂರಿಗಿಂತ ಹತ್ತಿರ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡರೂ ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ.

ಇಂಥ ಬೀಳಗಿಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಹಾಡು ಮತ್ತು ನಾಟಕವೇ ಬದುಕಾಗಿದ್ದ ಒಂದು ಮುಸ್ಲಿಂ ಕುಟುಂಬದಲ್ಲಿ ಅಮೀರಬಾಯಿ ಹುಟ್ಟಿದರು. ಹರೆಯದಲ್ಲೇ ಮುಂಬಯಿ ಸೇರಿ ‘ಅಮೀರಬಾಯಿ ಕರ್ನಾಟಕಿ’ ಎಂದು ಹೆಸರಾದರು. ತಾಯ್ನಾಡಿನ ಹೆಸರನ್ನು ತಮ್ಮ ಹೆಸರಿನ ಜೊತೆಗೆ ಹೊತ್ತು ತಿರುಗಿದ ಈ ಗಾಯಕಿ-ನಟಿ 1940ರ ದಶಕದಲ್ಲಿ ಹಿಂದಿ ಚಿತ್ರರಂಗದ ಬಹು ಬೇಡಿಕೆಯ ದನಿಯಾದರು. ವಿಜಾಪುರದಲ್ಲಿ ‘ಅಮೀರ್ ಟಾಕೀಸ್’ ಎಂಬ ಚಿತ್ರಮಂದಿರವೂ ಎದ್ದಿತು.

1940ರಲ್ಲಿ ವಿಜಯ್ ಭಟ್ಟರು ನಿರ್ದೇಶಿಸಿದ ‘ನರಸೀ ಭಗತ್’ ಚಿತ್ರ ಬಂತು. ಅದರಲ್ಲಿ ನರಸಿ ಮೆಹತಾ ಆಗಿದ್ದವರು ವಿಷ್ಣುಪಂತ ಪಾಗನೀಸ್. ಅವರು ಹುಟ್ಟಿದ್ದು ಬೆಳಗಾವಿ ಸೀಮೆಯ ಚಿಕ್ಕೋಡಿಯಲ್ಲಿ. 1936ರ ‘ಸಂತ ತುಕಾರಾಮ್’ ಚಿತ್ರದ ತುಕಾರಾಮರೂ ಅವರೇ. ಮುಂಬಯಿಯಲ್ಲಿ ವರ್ಷಕ್ಕೂ ಮೀರಿ ಓಡಿದ ಆ ಚಿತ್ರ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ‘ನರಸೀ ಭಗತ್’ ಚಿತ್ರದಲ್ಲಿ ಅಮೀರಬಾಯಿ ಹಾಡಿದ ವೈಷ್ಣವ ಜನರ ಭಜನೆ ದೇಶದ ಮನೆಮನೆ ತಲುಪಿತು. ಗಾಂಧೀಜಿಯವರಿಗೂ ಅದು ಮೆಚ್ಚುಗೆಯಾಗಿತ್ತೆಂದು ಹೇಳುತ್ತಾರೆ. ಪರರ ನೋವನ್ನು ಅರಿತವನೇ ದೇವಭಕ್ತ ಎಂಬ ಹುರುಳಿನ ಆ ಹಾಡನ್ನು ಗುಜರಾತಿನ ಹಿಂದೂ ಸಂತ ಕಟ್ಟಿದ, ಬೀಳಗಿಯ ಮುಸ್ಲಿಂ ಹೆಣ್ಣುಮಗಳು ಹಾಡಿದಳು. ನಮ್ಮ ಶುಭಸಂದೇಶದ ದಯಾಳು ಸಮಾರಿಯದವನ ಸಾಮತಿಗೆ ಇದು ಎಷ್ಟು ಹತ್ತಿರ!

‘ಕಿಸ್ಮತ್’: ಒಂದು ಚಿತ್ರವನ್ನು ಓದುವ ಬಗೆ

1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅನಿಲ್ ಬಿಸ್ವಾಸರ ಸಂಗೀತ, ನಾಯಕಿ ರಾಣಿಗೆ ಅಮೀರಬಾಯಿಯ ಕಂಠ. ಮೋಡವೇ ಮೆಲ್ಲನೆ ಬಾ ಎಂದು ಬೇಡುವ ಆಕೆಯ ಹಾಡು ಇಂದಿಗೂ ಹಿರಿಯರ ಕಿವಿಯಲ್ಲಿದೆ. ಕ್ರೈಸ್ತ ಕುಟುಂಬವೊಂದು ಸಿನಿಮಾವನ್ನು ವಿವೇಕದಿಂದ ನೋಡುವುದು ಹೇಗೆಂದು ಕಲಿಯಲು ಈ ಚಿತ್ರ ಒಳ್ಳೆಯ ಪಾಠ.

ಮೊದಲು, ಮರೆಯಲ್ಲಿರುವ ಮಾತನ್ನು ಕೇಳುವುದು. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ ದೇಶಭಕ್ತಿಗೀತೆಯೊಂದು ಈ ಚಿತ್ರದಲ್ಲಿದೆ. ಹೊರಗಿನ ಶತ್ರುಗಳಾಗಿ ಜರ್ಮನಿ ಮತ್ತು ಜಪಾನಿನ ಹೆಸರು ಹೇಳಿದ್ದರಿಂದ ಯುದ್ಧಕಾಲದ ಬ್ರಿಟಿಷ್ ಸೆನ್ಸಾರಿಗೆ ಅದು ತಮ್ಮ ಪರವಾದ ಹಾಡಾಗಿ ಕಂಡಿತು. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಮರುವರ್ಷ ಅದನ್ನು ಕೇಳಿದ ಜನಕ್ಕೆ, ತೊಲಗಬೇಕಾದವರು ಯಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓದುಬರಹ ಬಾರದ ಪ್ರೇಕ್ಷಕನೂ ಸಿನಿಮಾವನ್ನು ಓದಬಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು, ಚೆಲುವಾಗಿ ತೋರಿಸಿದ ಪಾಪವನ್ನು ಗುರುತಿಸುವುದು. ಚಿತ್ರದ ನಾಯಕ ಶೇಖರ್ ಒಬ್ಬ ಜೇಬುಗಳ್ಳ. ಅಶೋಕ್ ಕುಮಾರರ ಮುಗುಳ್ನಗೆಯಲ್ಲಿ ಕಳ್ಳತನವೂ ಒಂದು ಸೊಗಸಾದ ಕಸುಬಿನಂತೆ ಕಾಣುತ್ತದೆ. ಕಳೆದುಕೊಂಡವರ ಅಳು ನಮಗೆ ಹೆಚ್ಚು ಕೇಳಿಸುವುದಿಲ್ಲ. ಇಂದಿನ ಚಿತ್ರಗಳಲ್ಲಿ ನಾಯಕ ಮಚ್ಚು ಹಿಡಿದು ಬಂದಾಗ ಶಿಳ್ಳೆ ಹೊಡೆಯುವ ನಮ್ಮ ಹುಡುಗರಿಗೆ ಕೇಳಬೇಕಾದ ಪ್ರಶ್ನೆ ಇದೇ: ಸತ್ತವನ ಮನೆಯನ್ನು ಚಿತ್ರ ನಿನಗೆ ತೋರಿಸಿತೇ?

ಮೂರನೆಯದು, ಶುಭಸಂದೇಶದ ಪಕ್ಕದಲ್ಲಿ ಕಥೆಯನ್ನಿಟ್ಟು ನೋಡುವುದು. ಶೇಖರ್ ಶ್ರೀಮಂತನೊಬ್ಬನ ಕಳೆದುಹೋದ ಮಗ. ತೋಳಿನ ಮೇಲಿನ ಹಚ್ಚೆಯಿಂದ ಅವನ ಗುರುತು ತಿಳಿಯುತ್ತದೆ. ಮಗನೆಂದು ತಿಳಿದ ಮೇಲೆ ಮನಸ್ಸುಗಳು ಒಂದಾಗುತ್ತವೆ. ಸಂತ ಲೂಕನ ಹದಿನೈದನೆಯ ಅಧ್ಯಾಯದ ತಂದೆಗೆ ಗುರುತಿನ ಹಚ್ಚೆ ಬೇಕಾಗಲಿಲ್ಲ. ಮಗ ಇನ್ನೂ ದೂರವಿರುವಾಗಲೇ, ತಪ್ಪೊಪ್ಪಿಗೆಯ ಮಾತು ಮುಗಿಯುವ ಮೊದಲೇ, ಅವನು ಓಡಿಬಂದು ಅಪ್ಪಿಕೊಂಡ. ಚಿತ್ರ ನಮ್ಮನ್ನು ಆ ಸಾಮತಿಯ ಹೊಸ್ತಿಲವರೆಗೆ ತರುತ್ತದೆ. ಒಳಗೆ ಕರೆದೊಯ್ಯುವ ಕೆಲಸ ತಂದೆತಾಯಿಯರದು, ಧರ್ಮೋಪದೇಶಕರದು.

ಇನ್ನೊಂದು ಮಾತು ಉಳಿದಿದೆ. ರಾಣಿ ಕುಂಟಿ. ಹಣದಾಸೆಗೆ ಬಿದ್ದ ತಂದೆ ಎಳೆಯ ಮಗಳನ್ನು ಮಿತಿಮೀರಿ ಕುಣಿಸಿದ್ದರಿಂದ ಅವಳ ಕಾಲು ಊನವಾಗಿತ್ತು. ಜನರ ಸಂತೋಷಕ್ಕಾಗಿ ಮುರಿದುಹೋದ ಆ ಹುಡುಗಿಗೆ ದನಿ ಕೊಟ್ಟವರು ಬೀಳಗಿಯ ಅಮೀರಬಾಯಿ.

ಹಾಡು ಬೇಕು, ಹಾಡಿದವಳು ಬೇಡ

ಅಮೀರಬಾಯಿಯ ಬದುಕು ಹಾಡಿನಷ್ಟು ಸುಖವಾಗಿರಲಿಲ್ಲ. ನಟನೊಬ್ಬನೊಂದಿಗಿನ ಮೊದಲ ದಾಂಪತ್ಯದಲ್ಲಿ ಬಹಳ ಕಷ್ಟಪಟ್ಟು ಬಿಡುಗಡೆ ಪಡೆದರು. 1940ರ ದಶಕದ ಕೊನೆಯ ಹೊತ್ತಿಗೆ ಹೊಸ ಕಂಠಗಳು ಬಂದವು. ಗಾಯನದ ಅವಕಾಶಗಳು ಕಡಿಮೆಯಾಗಿ ಸಣ್ಣಪುಟ್ಟ ಪಾತ್ರಗಳು ಉಳಿದವು. 1965ರ ಮಾರ್ಚ್ 3ರಂದು ಅವರು ತೀರಿಕೊಂಡರು. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಕಂಪನಿಯಲ್ಲಿ ನಟಿಸಿ, ಅವರ ಬಾಳಸಂಗಾತಿಯೂ ಆದರು. ಆ ಕಲಾವಿದನ ಇಳಿಗಾಲಕ್ಕೆ ಅಭಿಮಾನಿಗಳು ಹಲವರು ದೂರಿದ್ದು ಆಕೆಯನ್ನೇ. ಅಮೀರಬಾಯಿಯ ಜೀವನವನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕವಾಗಿ ಬರೆಯುವ ಹೊತ್ತಿಗೆ ಕನ್ನಡಿಗರಲ್ಲೇ ಅವರ ನೆನಪು ಮಾಸಿತ್ತು.

ಫರಿಸಾಯ ಸೀಮೋನನ ಮನೆಯಲ್ಲಿ ಒಬ್ಬ ಹೆಂಗಸು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದಳು. ಊಟಕ್ಕೆ ಕುಳಿತವರೆಲ್ಲ ಅವಳನ್ನು ನೋಡುತ್ತಿದ್ದರು. ಆದರೂ ಸ್ವಾಮಿ ಸೀಮೋನನನ್ನು ಕೇಳಿದ್ದು, ಈ ಹೆಂಗಸು ನಿನಗೆ ಕಾಣುತ್ತಿದ್ದಾಳೆಯೇ ಎಂದು. ಸೀಮೋನನಿಗೆ ಕಂಡದ್ದು ಅವಳ ಹೆಸರಿಗಂಟಿದ ಕಳಂಕ, ಯೇಸುವಿಗೆ ಕಂಡದ್ದು ಅವಳ ಪ್ರೀತಿ. ಸಿನಿಮಾ ನೋಡುವ ಕ್ರೈಸ್ತನ ಮುಂದಿರುವುದು ಇದೇ ಪ್ರಶ್ನೆ. ಪರದೆಯ ಮೇಲಿನ ಹೆಣ್ಣನ್ನು ಕಣ್ಣಿಗೆ ಹಬ್ಬವೆಂದು ನೋಡಿ, ಹೊರಬಂದು ಅವಳ ನಡತೆಯ ಬಗ್ಗೆ ಹಗುರವಾಗಿ ಮಾತಾಡುವವನು ಸೀಮೋನನ ಪಂಕ್ತಿಯಲ್ಲೇ ಕುಳಿತಿದ್ದಾನೆ. ಇದು ಬರೀ ಅಭಿರುಚಿಯ ವಿಷಯವಲ್ಲ, ಆತ್ಮದ ಆರೋಗ್ಯದ ವಿಷಯ.

ಧರ್ಮಸಭೆ ನಡೆದು ಬಂದ ದಾರಿ

ಧರ್ಮಸಭೆಯೂ ಈ ವಿವೇಕವನ್ನು ಹಂತಹಂತವಾಗಿ ಬೆಳೆಸಿಕೊಂಡು ಬಂದಿದೆ. ತುಕಾರಾಮರ ಚಿತ್ರ ಬಂದ 1936ರಲ್ಲೇ ಜಗದ್ಗುರು ಹನ್ನೊಂದನೇ ಪಿಯೂಸರು ಸಿನಿಮಾ ಕುರಿತ ವಿಶ್ವಪತ್ರ ‘ವಿಜಿಲಾಂತಿ ಕೂರಾ’ ಬರೆದರು. ಕೆಟ್ಟ ಚಿತ್ರಗಳಿಂದ ದೂರವಿರುವಂತೆ, ಚಿತ್ರಗಳನ್ನು ವರ್ಗೀಕರಿಸಿ ಭಕ್ತಾದಿಗಳಿಗೆ ತಿಳಿಸುವಂತೆ ಅದು ಹೇಳಿತು. ಒಳ್ಳೆಯ ಚಿತ್ರ ಬಹಳ ಒಳಿತು ಮಾಡಬಲ್ಲದೆಂದೂ ಒಪ್ಪಿತು. 1957ರಲ್ಲಿ ಹನ್ನೆರಡನೇ ಪಿಯೂಸರ ‘ಮಿರಾಂದಾ ಪ್ರೋರ್ಸುಸ್’ ಪ್ರೇಕ್ಷಕರ ಶಿಕ್ಷಣಕ್ಕೆ ಒತ್ತು ಕೊಟ್ಟಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ಇಂತೆರ್ ಮಿರಿಫಿಕಾ’ ಬಂತು. ಅದರ ಆಶಯದಂತೆ 1967ರಿಂದ ವಿಶ್ವ ಸಂಪರ್ಕ ಮಾಧ್ಯಮ ದಿನ ಆಚರಣೆಗೆ ಬಂತು.

ಯೌವನದಲ್ಲಿ ರಂಗನಟರಾಗಿದ್ದ ಸಂತ ಎರಡನೇ ಜಾನ್ ಪೌಲರು 1995ರ ಆ ದಿನದ ಸಂದೇಶವನ್ನು ಸಿನಿಮಾಕ್ಕೇ ಮೀಸಲಿಟ್ಟರು. ಸಿನಿಮಾಕ್ಕೆ ನೂರು ತುಂಬಿದ ಆ ವರ್ಷ ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿ ಹೊರಡಿಸಿತು. ಅದರಲ್ಲಿ ‘ಬೆನ್ ಹರ್’ ಇದೆ, ‘ಗಾಂಧಿ’ಯೂ ಇದೆ. ದೇವರ ಹೆಸರೆತ್ತದ ‘ಬೈಸಿಕಲ್ ಥೀವ್ಸ್’ ಕೂಡ ಇದೆ. 2025ರ ನವೆಂಬರ್ 15ರಂದು ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಚಿತ್ರಲೋಕದವರನ್ನು ವ್ಯಾಟಿಕನ್ನಿಗೆ ಬರಮಾಡಿಕೊಂಡು, ಜನ ಒಟ್ಟಾಗಿ ಕುಳಿತು ನೋಡುವ ಚಿತ್ರಮಂದಿರಗಳು ಕಣ್ಮರೆಯಾಗುತ್ತಿರುವುದಕ್ಕೆ ಕಳವಳ ವ್ಯಕ್ತಪಡಿಸಿದರು. ನೋಡಬೇಡ ಎಂಬ ಎಚ್ಚರಿಕೆಯಿಂದ ಬಲ್ಲವನಾಗಿ ನೋಡು ಎಂಬ ಕರೆಯವರೆಗೆ ಧರ್ಮಸಭೆ ಬಂದಿದೆ. ಎಚ್ಚರಿಕೆಯೂ ರದ್ದಾಗಿಲ್ಲ ಎಂಬುದನ್ನು ಮರೆಯಬಾರದು.

ಮನೆಯ ಜಗಲಿಯ ಮೇಲೆ

ನಮ್ಮ ಈ ಊರುಗಳಲ್ಲಿ ಕ್ರೈಸ್ತ ಕುಟುಂಬಗಳು ಕೆಲವೇ. ಮಗ್ಗದ ಮನೆಯಲ್ಲಾಗಲಿ ಕಬ್ಬಿನ ಹೊಲದಲ್ಲಾಗಲಿ ನೆರೆಹೊರೆಯವರು ನೋಡುವ ಚಿತ್ರವನ್ನೇ ನಾವೂ ನೋಡುತ್ತೇವೆ. ಟಾಕೀಸಿನಲ್ಲಿ ಊರೆಲ್ಲ ಕೂಡಿ ನೋಡುತ್ತಿದ್ದುದನ್ನು ಇಂದು ಒಬ್ಬೊಬ್ಬರೂ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಾರೆ. ಜೊತೆಗೆ ನೋಡುವವರಿದ್ದಾಗ ನಾಚಿಕೆಯೂ ಇರುತ್ತಿತ್ತು, ಚರ್ಚೆಯೂ ಇರುತ್ತಿತ್ತು. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಮನೆಯವರೆಲ್ಲ ಕೂಡಿ ಒಂದು ಚಿತ್ರ ನೋಡಿ. ಮುಗಿದ ಮೇಲೆ ಕಾಲು ಗಂಟೆ ಮಾತಾಡಿ. ಈ ಚಿತ್ರ ಯಾರ ನೋವನ್ನು ತೋರಿಸಿತು, ಯಾರದನ್ನು ಮುಚ್ಚಿಟ್ಟಿತು? ಯಾವ ತಪ್ಪನ್ನು ಚೆಂದಗೊಳಿಸಿತು? ಯಾರನ್ನು ಕಂಡು ನಾವು ನಕ್ಕೆವು? ಯೇಸುಸ್ವಾಮಿ ನಮ್ಮ ಪಕ್ಕದಲ್ಲಿ ಕುಳಿತಿದ್ದರೆ ಎಲ್ಲಿ ಅಳುತ್ತಿದ್ದರು?

ಚಿಕ್ಕವರಿಗೆ 1985ರ ‘ಬೆಟ್ಟದ ಹೂವು’ ತೋರಿಸಿ. ರಾಮಾಯಣದ ಪುಸ್ತಕ ಕೊಳ್ಳಲು ಕಾಸು ಕೂಡಿಸಿದ ಬಡ ಹುಡುಗ, ಚಳಿಯಲ್ಲಿ ನಡುಗುವ ಮನೆಯವರಿಗಾಗಿ ಕಂಬಳಿ ಕೊಂಡು ಬರುತ್ತಾನೆ. ಪುನೀತ್ ರಾಜಕುಮಾರರ ಆ ಪಾತ್ರವನ್ನು ನೋಡಿದ ಮಗುವಿಗೆ ತ್ಯಾಗ ಎಂಬ ಪದವನ್ನು ಬೇರೆ ವಿವರಿಸಬೇಕಾಗಿಲ್ಲ. ದೊಡ್ಡವರು 1975ರ ‘ಚೋಮನ ದುಡಿ’ ನೋಡಿ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು ತೆರೆಗೆ ತಂದ ಈ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ತುಂಡು ಭೂಮಿಗಾಗಿ ಹಂಬಲಿಸುವ ಚೋಮ ನಮ್ಮ ಧರ್ಮದ ಬಾಗಿಲಿನತ್ತಲೂ ಹೆಜ್ಜೆ ಹಾಕಿ ಹಿಂದಿರುಗುತ್ತಾನೆ. ಅವನಿಗೆ ನಮ್ಮಲ್ಲಿ ಕಂಡದ್ದು ಏನು, ಕಾಣದೆ ಹೋದದ್ದು ಏನು ಎಂದು ಕೇಳಿಕೊಳ್ಳುವ ಧೈರ್ಯ ನಮಗಿರಬೇಕು. ನಮ್ಮನ್ನು ಹೊಗಳುವ ಚಿತ್ರಕ್ಕಿಂತ ನಮ್ಮನ್ನು ಪ್ರಶ್ನಿಸುವ ಚಿತ್ರ ಕೆಲವೊಮ್ಮೆ ಒಳ್ಳೆಯ ತಪಸ್ಸುಕಾಲದ ಧ್ಯಾನವಾಗುತ್ತದೆ.

ಪ್ರಿಯರೇ, ಬೀಳಗಿಯ ದಾರಿಯಲ್ಲಿ ಹೋಗುವಾಗ ಆ ಊರಿನ ಮಗಳನ್ನು ಒಮ್ಮೆ ನೆನೆಯಿರಿ. ಆಕೆಯ ಭಜನೆಯನ್ನು ಮಕ್ಕಳಿಗೆ ಕೇಳಿಸಿ, ಹಾಡಿದವರ ಹೆಸರನ್ನೂ ಹೇಳಿ. ಗಲಿಲೇಯದ ಶಿಷ್ಯರು ಆಕಾಶದಿಂದ ಕಣ್ಣು ತೆಗೆದು ಜನರ ಬಳಿಗೆ ಬಂದಂತೆ, ನಾವೂ ಪರದೆಯಿಂದ ಕಣ್ಣು ತೆಗೆದಾಗ ಎದುರಿಗಿರುವ ಮನುಷ್ಯ ಮೊದಲಿಗಿಂತ ಸ್ಪಷ್ಟವಾಗಿ ಕಾಣಲಿ. ಅಂಥ ಕಣ್ಣನ್ನು ಪವಿತ್ರಾತ್ಮರು ನಮಗೆಲ್ಲ ಅನುಗ್ರಹಿಸಲಿ. ಆಮೆನ್.