ನವಜಾತ ಶಿಶುವಿನ ಕಿಡ್ನಿ ವೈಫಲ್ಯ: ಒದ್ದೆ ಬಟ್ಟೆಯ ಲೆಕ್ಕ ಇಡಿ

ನಮ್ಮ ಕುಂಬ್ರದ ಕಡೆ ಬಾಣಂತಿ ಮನೆಗೆ ಹೋದವರು ಮೊದಲು ಕೇಳುವುದು, ಮಗು ಹಾಲು ಕುಡೀತದಾ, ನಿದ್ದೆ ಮಾಡ್ತದಾ ಅಂತ. ದಿನಕ್ಕೆ ಎಷ್ಟು ಸಲ ಮೂತ್ರ ಮಾಡ್ತದೆ ಎಂದು ಕೇಳುವವರು ಕಡಿಮೆ. ಆದರೆ ಮಗುವಿನ ಕಿಡ್ನಿ ಹೇಗಿದೆ ಎಂಬುದರ ಸುಳಿವು ಮನೆಯವರಿಗೆ ಸಿಗುವುದು ಅಲ್ಲೇ.

ಕಿಡ್ನಿ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕೈಕೊಡುವುದೇ ತೀವ್ರ ಮೂತ್ರಪಿಂಡ ವೈಫಲ್ಯ. ಭಾರತವೂ ಸೇರಿ 4 ದೇಶಗಳ 24 ಆಸ್ಪತ್ರೆಗಳ 'ಅವೇಕನ್' ಅಧ್ಯಯನ, 2014ರ ಮೊದಲ 3 ತಿಂಗಳಲ್ಲಿ ತೀವ್ರ ನಿಗಾ ಘಟಕ ಸೇರಿದ್ದ 2,022 ಶಿಶುಗಳ ದಾಖಲೆ ಪರಿಶೀಲಿಸಿತು. 605 ಶಿಶುಗಳಿಗೆ ಈ ತೊಂದರೆ ಇತ್ತು. ಅವರಲ್ಲಿ ಶೇ. 10ರಷ್ಟು ಮಕ್ಕಳು ತೀರಿಕೊಂಡರು. ಉಳಿದವರಲ್ಲಿ ಈ ಪ್ರಮಾಣ ಸುಮಾರು ಶೇ. 1.

ಕಾರಣಗಳು ಮೂರು ಬಗೆ

ಎಂಜಿನಿಯರಿಂಗ್ ಓದಿದ ನನಗೆ ಇದು ಅರ್ಥವಾದದ್ದು ಅಡಿಕೆ ತೋಟದ ಸ್ಪ್ರಿಂಕ್ಲರ್ ಲೆಕ್ಕದಲ್ಲಿ. ನೀರು ಹಾರದಿದ್ದರೆ ನಾವು ನೋಡುವುದು ಮೂರು: ಪಂಪಿನಿಂದ ನೀರು ಬರ್ತಾ ಉಂಟಾ, ಫಿಲ್ಟರ್ ಸರಿ ಉಂಟಾ, ಮುಂದೆ ಪೈಪ್ ಕಟ್ಟಿದೆಯಾ.

ಒಂದು, ಕಿಡ್ನಿಗೆ ರಕ್ತ ಸಾಲದಿರುವುದು. ಹುಟ್ಟುವಾಗ ಉಸಿರುಗಟ್ಟಿದರೆ, ಸೋಂಕು ರಕ್ತಕ್ಕೆ ಹರಡಿದರೆ, ಹೃದಯದ ದೋಷವಿದ್ದರೆ, ಎದೆಹಾಲು ಸಾಲದೆ ಮೈಯ ನೀರಿನಂಶ ಇಳಿದರೆ ಹೀಗಾಗುತ್ತದೆ.

ಎರಡು, ಕಿಡ್ನಿಗೇ ಪೆಟ್ಟು. ಮೊದಲ ಕೊರತೆ ಹೊತ್ತಿಗೆ ಸರಿಯಾಗದಿದ್ದರೆ ಈ ಹಂತ ಬರುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಔಷಧಗಳು ಜೀವ ಉಳಿಸುತ್ತವೆ, ಆದರೆ ಕಿಡ್ನಿಗೆ ಭಾರ. ಹಾಗಾಗಿ ಡೋಸ್ ಮೇಲೆ ನಿಗಾ ಬೇಕು. ನೆಫ್ರಾನ್‌ಗಳು ರೂಪುಗೊಳ್ಳುವುದು ಗರ್ಭದ ಸುಮಾರು 36ನೇ ವಾರದವರೆಗೆ. ಅದಕ್ಕೇ ಅವಧಿಗೆ ಮುನ್ನ ಹುಟ್ಟಿದವರಿಗೆ ಅಪಾಯ ಹೆಚ್ಚು.

ಮೂರು, ಹೊರಹೋಗುವ ದಾರಿಯಲ್ಲಿ ಅಡ್ಡಿ. ಕೆಲವು ಗಂಡುಮಕ್ಕಳ ಮೂತ್ರನಾಳದಲ್ಲಿ ಹುಟ್ಟಿನಿಂದಲೇ ತೆಳುಪೊರೆ ಅಡ್ಡವಿರುತ್ತದೆ. ಮೂತ್ರ ಧಾರೆಯಾಗಿ ಬರದೆ ತೊಟ್ಟಿಕ್ಕುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ.

ಗೊತ್ತಾಗುವುದು ಹೇಗೆ?

ಹೆಚ್ಚಿನ ಮಕ್ಕಳು 24 ಗಂಟೆಯೊಳಗೆ ಮೊದಲ ಮೂತ್ರ ಮಾಡುತ್ತಾರೆ. ಮಾಡದಿದ್ದರೆ ವೈದ್ಯರಿಗೆ ಹೇಳಿ. ಐದನೇ ದಿನದ ನಂತರ ದಿನಕ್ಕೆ ಕನಿಷ್ಠ 6 ಬಟ್ಟೆ ಒದ್ದೆಯಾಗಬೇಕು. ಕಡಿಮೆಯಾಗಿ, ಮಗು ಮಂಕಾಗಿದ್ದರೆ, ಮೈ ಬಿಸಿಯಾದರೆ ನಾಳೆ ನೋಡುವ ಅನ್ನಬೇಡಿ. ನೀರು, ಜೇನು ಕೊಡುವುದು ಪರಿಹಾರವಲ್ಲ.

ಮೂತ್ರ ಬಂದರೂ ಕೆಲವೊಮ್ಮೆ ಕಿಡ್ನಿ ಸೋತಿರಬಹುದು. ಹಾಗಾಗಿ ಕಾಯಿಲೆಯ ಮಗುವಿಗೆ ರಕ್ತಪರೀಕ್ಷೆ ಬೇಕು. ಮೊದಲ ದಿನಗಳ ಕ್ರಿಯಾಟಿನಿನ್ ತಾಯಿಯದ್ದನ್ನೇ ತೋರಿಸುವುದರಿಂದ ಒಂದು ರಿಪೋರ್ಟ್ ಸಾಲದು. ಅಂಕಿ ಇಳೀತಾ ಉಂಟಾ, ಏರ್ತಾ ಉಂಟಾ ಎಂದು ನೋಡಬೇಕು.

ಮುಂದೇನು?

ಮೂಲ ಕಾರಣಕ್ಕೆ ಬೇಗ ಚಿಕಿತ್ಸೆ ಸಿಕ್ಕರೆ ಎಷ್ಟೋ ಮಕ್ಕಳ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಕೆಲವರಿಗೆ ಮಾತ್ರ ಡಯಾಲಿಸಿಸ್ ಬೇಕಾಗುತ್ತದೆ, ಶಿಶುಗಳಿಗೆ ಹೆಚ್ಚಾಗಿ ಹೊಟ್ಟೆಯ ಮೂಲಕ. ಅಂಥ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿಲ್ಲ. ಕುಂಬ್ರದಿಂದ ಮಂಗಳೂರಿಗೆ ಸುಮಾರು 60 ಕಿ.ಮೀ.; ಮನೆಯಲ್ಲಿ ಕಾದು ಕಳೆದ ದಿನ ಆ ದಾರಿಯಲ್ಲಿ ವಾಪಸ್ ಸಿಗುವುದಿಲ್ಲ. ಕೇಂದ್ರದ ಜೆಎಸ್‌ಎಸ್‌ಕೆ ಯೋಜನೆಯಡಿ 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ, ಸಾಗಾಟ ಉಚಿತ.

ಚೇತರಿಸಿಕೊಂಡ ಮಗುವಿಗೂ ವರ್ಷಗಳ ಮೇಲೆ ಬಿಪಿ ಏರಬಹುದು, ಮೂತ್ರದಲ್ಲಿ ಪ್ರೊಟೀನ್ ಹೋಗಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಕಿಡ್ನಿ ತೊಂದರೆಯ ವಿಷಯ ಬರೆಸಿಕೊಳ್ಳಿ, ಮುಂದಿನ ತಪಾಸಣೆ ಯಾವಾಗ ಎಂದು ಕೇಳಿ. ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಂದಾಗ ಹಾಲಿನ ಲೆಕ್ಕದ ಜೊತೆ ಒದ್ದೆ ಬಟ್ಟೆಯ ಲೆಕ್ಕವನ್ನೂ ಹೇಳಿ.