ಲಕ್ಷ್ಮಣರಾವ ಕಿರ್ಲೋಸ್ಕರರ ಸಂಗಡಿಗರು

ಹುಬ್ಬಳ್ಳಿಯಿಂದ ಬೆಳಗಾವಿ, ಮಿರಜಗಳ ಮೇಲೆ ಪುಣೆಗೆ ಹೋಗುವ ರೈಲುದಾರಿಯಲ್ಲಿ ಕಿರ್ಲೋಸ್ಕರವಾಡಿಯೆಂಬ ನಿಲ್ದಾಣವುಂಟು. 1910ನೆಯ ಇಸವಿಯಲ್ಲಿ ಅದು ಕುಂಡಲ ರೋಡ್ ಎಂಬ ಚಿಕ್ಕ ನಿಲ್ದಾಣ. ಸುತ್ತಲೂ ಪಾಪಾಸಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಬಂಜರು ನೆಲ. ಆ ನೆಲವು ಯಂತ್ರನಗರವಾದ ಸಂಗತಿಯು ವಾಚಕರಲ್ಲಿ ಹಲವರಿಗೆ ಗೊತ್ತಿರಬಹುದು. ಅದನ್ನು ಕಟ್ಟಿದ ಜನರ ಕೂಟವು ಎಂಥದಾಗಿತ್ತೆಂಬದು ಅಷ್ಟೇ ವಿಚಾರಾರ್ಹವಾಗಿದೆ.

ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು 1869ರ ಜೂನ್ 20ರಂದು ಸವದತ್ತಿಯ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಲೆಯ ಹಂಬಲದಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಬಣ್ಣಗಳ ಭೇದವನ್ನು ಗುರುತಿಸುವ ಶಕ್ತಿ ಅವರ ಕಣ್ಣಿಗಿರಲಿಲ್ಲ. ವರ್ಣಚಿತ್ರವನ್ನು ಬಿಟ್ಟು ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆಯನ್ನು ಹಿಡಿದರು. ಅದರ ಬಲದಿಂದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾದರು. ಅಲ್ಲಿ ತಮಗೆ ಸಲ್ಲಬೇಕಾದ ಬಡತಿಯು ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾದಾಗ ಕೆಲಸವನ್ನು ತೊರೆದು ಬೆಳಗಾವಿಗೆ ಬಂದರು. 1888ರಿಂದ ಅಲ್ಲಿ ಕಿರ್ಲೋಸ್ಕರ ಸಹೋದರರ ಸೈಕಲ್ ಅಂಗಡಿ ನಡೆದಿತ್ತು.

ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ರಂಟೆ: ಹೀಗೆ ಅವರ ಉದ್ಯಮ ಸಾಗಿತು. ಕಬ್ಬಿಣವು ತಗಲಿದರೆ ಭೂಮಿಗೆ ವಿಷವೇರುವದೆಂದು ಒಕ್ಕಲಿಗರು ಅಂಜುತ್ತಿದ್ದರು. ಮೊದಲ ರಂಟೆಗಳು ಮಾರಿಹೋಗಲು ಸುಮಾರು ಎರಡು ವರ್ಷ ಹಿಡಿಯಿತು. ಅಂತೂ ವ್ಯಾಪಾರವು ಕುದುರಿತೆನ್ನುವಷ್ಟರಲ್ಲಿ, ಬೆಳಗಾವಿಯ ಪುರಸಭೆಯು ಹೊಸ ಬಡಾವಣೆಗಾಗಿ ಯಂತ್ರಶಾಲೆಯ ಜಾಗವನ್ನು ತೆರವು ಮಾಡಿಸಿತು. ಆಗ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ ರೋಡಿನ ಬಳಿಯಲ್ಲಿ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಲಕ್ಷ್ಮಣರಾಯರ ಬೆನ್ನಿಗೆ ಸುಮಾರು 25 ಜನ ಕೆಲಸಗಾರರು ಹೆಂಡಿರು ಮಕ್ಕಳೊಡನೆ ಬಂದರು. ನೀರಿಲ್ಲದ, ಮನೆಯಿಲ್ಲದ ಸ್ಥಳಕ್ಕೆ ಕುಟುಂಬಸಹಿತ ಹೊರಡುವದೆಂದರೆ ಸಾಮಾನ್ಯವಾದ ವಿಶ್ವಾಸವಲ್ಲ.

ಈ ಕೂಟದಲ್ಲಿ ಅಣ್ಣ ರಾಮುಅಣ್ಣನವರು ಊರಿನ ರಚನೆ, ಆಡಳಿತಗಳನ್ನು ನೋಡಿಕೊಂಡರು. ಶಂಭೂರಾವ ಜಾಂಭೇಕರರು ಯಂತ್ರಕುಶಲರು. ಮಂಗೇಶರಾವ ರೇಗೆಯವರು ಲೆಕ್ಕಪತ್ರಗಳ ಹೊಣೆ ಹೊತ್ತರು. ಕೆ. ಕೆ. ಕುಲಕರ್ಣಿಯವರು ಬಂದ ಕೆಲಸಕ್ಕೆಲ್ಲ ಕೈಕೊಡುವ ಸರ್ವಕುಶಲರು. ಅನಂತರಾವ ಫಳಣೀಕರರು ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಇಲ್ಲಿ ಹೊಸದನ್ನು ಕಲ್ಪಿಸಬಲ್ಲ ಇಂಜಿನಿಯರರಾದರು. ಇನ್ನು ರಾತ್ರಿಯ ಕಾವಲಿಗೆ ನಿಂತ ತುಕಾರಾಮ, ಪಿರ್ಯಾ ಎಂಬಿಬ್ಬರು ದರೋಡೆಯ ಅಪರಾಧಕ್ಕೆ ಶಿಕ್ಷೆ ಹೊಂದಿದವರು! ಪರರ ಸೊತ್ತನ್ನು ಕಿತ್ತವರ ಕೈಗೇ ಊರಿನ ಸೊತ್ತನ್ನು ಒಪ್ಪಿಸಿದ್ದು ದೊಡ್ಡ ಸಾಹಸ.

ಧುರೀಣತ್ವವೆಂದರೆ ಅಪ್ಪಣೆ ಕೊಡುವ ಅಧಿಕಾರವೆಂದೇ ಬಹುಜನರ ತಿಳುವಳಿಕೆ. ಲಕ್ಷ್ಮಣರಾಯರ ನಡತೆಯಲ್ಲಿ ಬೇರೊಂದು ಗುಣವು ಕಾಣುವದು. ಬಣ್ಣ ಕಾಣದ ಕಣ್ಣಿಗೂ ಗೆರೆಯ ನಿಖರತೆ ಸಾಧಿಸುವದೆಂಬದನ್ನು ಅವರು ತಮ್ಮಲ್ಲಿಯೇ ಕಂಡುಕೊಂಡಿದ್ದರು. ಯೋಗ್ಯತೆಯಿದ್ದೂ ಹಿಂದೆ ಸರಿಸಲ್ಪಟ್ಟವನ ನೋವನ್ನೂ ಉಂಡಿದ್ದರು. ಒಬ್ಬನಲ್ಲಿಯ ಕೊರತೆಯು ಎಷ್ಟೋ ಸಲ ಸ್ಥಾನದ ದೋಷವೇ ಹೊರತು ಮನುಷ್ಯನ ದೋಷವಲ್ಲ. ಶಾಲೆ ಕೈಬಿಟ್ಟವನನ್ನೂ ಸಮಾಜ ಹೊರಗಿಟ್ಟವನನ್ನೂ ಅವರು ದಯೆ ತೋರಿ ಒಂದು ಮೂಲೆಯಲ್ಲಿ ಕೂಡ್ರಿಸಲಿಲ್ಲ, ತಮ್ಮ ಉದ್ಯಮದ ಅಳಿವು ಉಳಿವು ಅವರನ್ನು ಅವಲಂಬಿಸುವಂತಹ ಹೊಣೆಯನ್ನೇ ಕೊಟ್ಟರು. ಬೆಳಗಾವಿಯ ಜಾಗ ಕೈತಪ್ಪಿದರೂ ಉದ್ಯಮವು ಅಳಿಯದಿದ್ದದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು. ಜಾಗ ಹೋದರೂ ಜನ ಉಳಿದಿದ್ದರು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಸಂಸ್ಥೆಗಳು ಹುಟ್ಟಿದವು. ಮುಂದೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿಯೂ ಆ ಹೆಸರಿನ ಯಂತ್ರಶಾಲೆ ತಲೆಯೆತ್ತಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಈಗ ಅದೇ ಹುಬ್ಬಳ್ಳಿ-ಧಾರವಾಡಗಳಲ್ಲಿ ಗಣಕಯಂತ್ರದ ಉದ್ಯೋಗಗಳು ಬೆಳೆಯುತ್ತಿವೆ. ಅಂಕಪಟ್ಟಿಯನ್ನು ನೋಡಿ ತರುಣರನ್ನು ಆರಿಸುವವರು, ಫಳಣೀಕರರಂಥವನೊಬ್ಬನು ಬಾಗಿಲಿಗೆ ಬಂದರೆ ಅವನನ್ನು ಗುರುತಿಸುವ ಬಗೆ ಯಾವದೆಂದು ಒಮ್ಮೆ ಆಲೋಚಿಸುವದು ಒಳ್ಳೆಯದು.