ಆವರಣದೊಳಗಿನ ಆಕರ

ವಿದ್ವತ್ ಬರಹದಲ್ಲಿ ಮಾತಿಗೆ ಬೆಲೆ ಬರುವುದು ಅದರ ಆಧಾರದಿಂದ. ಆ ಆಧಾರವನ್ನು ವಾಕ್ಯದ ನಡುವೆಯೇ ಆವರಣ ಚಿಹ್ನೆಯೊಳಗೆ ಸೂಚಿಸುವ ಪದ್ಧತಿ ಸಾಹಿತ್ಯಶಾಸ್ತ್ರದಲ್ಲಿ ಹುಟ್ಟಿದುದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರು 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಅಂಡವಿಕಾಸವನ್ನು ಕುರಿತು ಬರೆದ ಪ್ರಬಂಧದಲ್ಲಿ ಲೇಖಕನ ಹೆಸರು, ವರ್ಷ ಇವಿಷ್ಟನ್ನೇ ಆವರಣದಲ್ಲಿರಿಸಿದರು. ಹಾರ್ವರ್ಡ್ ಪದ್ಧತಿಯ ಮೂಲ ಈ ಪ್ರಬಂಧದಲ್ಲಿದೆಯೆಂದು ಎಲಿ ಚೆರ್ನಿನ್ ಅವರು 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೋರಿಸಿಕೊಟ್ಟರು.

ವಿಜ್ಞಾನಿಗೆ ವರ್ಷ ಮುಖ್ಯ. ಯಾವ ಶೋಧ ಮೊದಲು, ಯಾವುದು ಅನಂತರ ಎಂಬುದು ಅದರಿಂದ ತಿಳಿಯುತ್ತದೆ. ಸಾಹಿತ್ಯದ ವಿದ್ಯಾರ್ಥಿಗಾದರೋ ಪುಟವೇ ಮುಖ್ಯ. ಆದಕಾರಣ ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ 1984ರ ತನ್ನ ಕೈಪಿಡಿಯಲ್ಲಿ ಆವರಣ ಪದ್ಧತಿಯನ್ನು ಸ್ವೀಕರಿಸಿದಾಗ ಲೇಖಕನ ಹೆಸರನ್ನೂ ಪುಟಸಂಖ್ಯೆಯನ್ನೂ ಉಳಿಸಿಕೊಂಡು ವರ್ಷವನ್ನು ಬಿಟ್ಟಿತು.

ನಮ್ಮ ನಾಡಿನ ಆಕರಗಳಿಗೆ ಇವೆರಡರಲ್ಲಿ ಒಂದೇ ಸಾಲದು. ಶ್ರವಣಬೆಳಗೊಳದ ಶಾಸನಗಳನ್ನೇ ನೋಡಬಹುದು. 'ಎಪಿಗ್ರಾಫಿಯಾ ಕರ್ನಾಟಿಕಾ' ಎರಡನೆಯ ಸಂಪುಟವನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕರಣದಲ್ಲಿ ಅವು 500 ಆದುವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಹೀಗಿರುವಾಗ 'ಎ.ಕ. 2, ಸಂಖ್ಯೆ 120' ಎಂದಷ್ಟೇ ಬರೆದರೆ ಓದುಗನು ಬೇರೊಂದು ಶಾಸನದ ಮುಂದೆ ನಿಲ್ಲಬಹುದು. '(ಎ.ಕ. 2, 1973: ಸಂಖ್ಯೆ 120)' ಎಂದರೆ ಸಂಶಯಕ್ಕೆ ಎಡೆಯಿಲ್ಲ.

ವಚನಗಳ ವಿಷಯದಲ್ಲಿಯೂ ಹೀಗೆಯೇ. ಅಂಕಿತವು ವಚನ ಯಾರದೆಂಬುದನ್ನು ತಿಳಿಸುತ್ತದೆಯೇ ಹೊರತು, ಆ ಪಾಠ ಯಾವ ಮುದ್ರಣದ್ದೆಂಬುದನ್ನಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ 'ವಚನಶಾಸ್ತ್ರಸಾರ' ವಿಷಯಾನುಸಾರವಾಗಿ ಜೋಡಿಸಿದುದು. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದಲ್ಲಿ ವಚನಗಳು ವಚನಕಾರರನ್ನು ಅನುಸರಿಸಿವೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದದು. ಆದ್ದರಿಂದ ವರ್ಷ, ಸಂಪುಟ, ವಚನಸಂಖ್ಯೆ ಮೂರೂ ಆವರಣದಲ್ಲಿರಬೇಕು.

ಇನ್ನು ಕೆಲವು ಸಣ್ಣ ನಿಯಮಗಳು. ಮನೆತನದ ಹೆಸರಿಲ್ಲದ ಲೇಖಕರ ಹೆಸರನ್ನು ಮೊಟಕುಗೊಳಿಸದೆ ಆದ್ಯಕ್ಷರಗಳೊಡನೆ ಕೊಡುವುದು ಲೇಸು. ಇಲ್ಲವಾದರೆ ಒಬ್ಬ ಮೂರ್ತಿಗೂ ಮತ್ತೊಬ್ಬ ಮೂರ್ತಿಗೂ ಭೇದ ತಿಳಿಯದು. ಒಬ್ಬರೇ ಒಂದೇ ವರ್ಷದಲ್ಲಿ ಎರಡು ಗ್ರಂಥ ಬರೆದಿದ್ದರೆ ವರ್ಷದ ಮುಂದೆ ಅ, ಆ ಎಂದು ಗುರುತಿಸಬೇಕು. ಪೂರ್ಣವಿರಾಮವು ಆವರಣದ ಅನಂತರ ಬರತಕ್ಕದ್ದು. ಆವರಣದಲ್ಲಿ ಹೆಸರಿಸಿದ ಪ್ರತಿಯೊಂದು ಗ್ರಂಥವೂ ಕೊನೆಯ ಗ್ರಂಥಸೂಚಿಯಲ್ಲಿ ಇರಲೇಬೇಕು.

ಇವು ಕೇವಲ ಅಲಂಕಾರಗಳಲ್ಲ. ಹಿಂದಿನವರಿಂದ ಪಡೆದುದನ್ನು ಅವರ ಹೆಸರಿನಲ್ಲಿಯೇ ಒಪ್ಪಿಸುವುದು, ತನ್ನ ಮಾತನ್ನು ಓದುಗನ ಪರೀಕ್ಷೆಗೆ ಒಡ್ಡುವುದು, ಈ ಎರಡು ಕರ್ತವ್ಯಗಳೂ ಆ ಪುಟ್ಟ ಆವರಣದೊಳಗೆ ನೆರವೇರುತ್ತವೆ.